ಗೆದ್ದವಳ ಚಿತ್ರ, ಉಳ್ಕಂಡವಳ ಬಾಯಿ

ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನಕ್ಕೆ ಗುಂಡ್ಲುಪೇಟೆ, ಚಾಮರಾಜನಗರದ ನಮ್ಮ ವಿದ್ಯಾರ್ಥಿಗಳು ಬರೆಯುವ ಚಿತ್ರಗಳಲ್ಲಿ ಒಬ್ಬಳೇ ಹೆಣ್ಣು ಮತ್ತೆ ಮತ್ತೆ ಬರುತ್ತಾಳೆ. ಬೆಳ್ಳನೆ ಮೈ, ತಲೆಗೆ ಕಟ್ಟಿದ ಬಟ್ಟೆ, ಎದೆಯ ಮೇಲೆ ಗುಲಾಬಿ ಪಟ್ಟಿ, ಹಿಂದೆ ಹುಟ್ಟುವ ಸೂರ್ಯ. ರೋಗವನ್ನು ಗೆದ್ದವಳು, ನಮಗೆಲ್ಲ ‘ಸ್ಫೂರ್ತಿ’. ಇವಳು ಯಾವ ಬೀದಿಯವಳು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಕೇರಿಯವಳು ‘ಗೆದ್ದೆ’ ಎನ್ನುವುದಿಲ್ಲ, ‘ಏನೋ ಉಳ್ಕಂಡಿ’ ಅಂತಾಳೆ. ಅವಳ ಕ್ಯಾನ್ಸರ್ ಬಾಯಿಯದು. ಕಳೆ ಕೀಳುವವಳು ಎಲೆ, ಅಡಿಕೆ, ಹೊಗೆಸೊಪ್ಪು ಹಾಕುವುದು ಬರೀ ಚಟಕ್ಕಲ್ಲ, ಮಧ್ಯಾಹ್ನದ ಹಸಿವು ತಡೆಯೋಕೆ. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಹಸಿವಿನ ಬಗ್ಗೆ ಯಾವ ವಿಭಾಗ ಪ್ರಕಟಿಸಬೇಕು? ಕರೆಂಟು ಕೊಡಿಸೋದು ಅಂದ್ರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ಅಷ್ಟೂ ದಿನ ಅವಳ ಕೂಲಿ ಇಲ್ಲ, ಜೊತೆಗೆ ಹೋದವರ ಕೂಲಿಯೂ ಇಲ್ಲ. ಎಂಜಲು ಒಣಗಿ, ಬಾಯಿ ಅಗಲಿಸಲಾಗದೆ, ಮುದ್ದೆ ನುಂಗುವವಳು ಗಂಜಿಗೆ ಬಂದು ನಿಲ್ಲುತ್ತಾಳೆ. ಕ್ಯಾನ್ಸರ್ ಅಂಟುರೋಗ ಅಲ್ಲ. ಆದರೂ ಅವಳ ಲೋಟ ಬೇರೆಯಾಗುತ್ತದೆ. ಲೋಟ ಬೇರೆ ಇಡುವುದು ನಮಗೆ ಹೊಸದೇನಲ್ಲ, ಹೋಟೆಲಿನಲ್ಲಿ ಕಂಡದ್ದೇ. ಈ ಸಲ ಇಟ್ಟವರು ಸ್ವಂತ ಸೊಸೆ, ಸ್ವಂತ ಮಗ. ದಲಿತ ವಿಮರ್ಶೆ ಇದನ್ನೂ ಬರೆಯಬೇಕು.

ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ಕನ್ನಡದಲ್ಲಿ ಸ್ತನ ಕ್ಯಾನ್ಸರಿನ ಅನುಭವವನ್ನು ಹೆಣ್ಣೊಬ್ಬಳು ತಾನೇ ಬರೆದುಕೊಂಡ ಕಥನ. ತನ್ನ ರೋಗದ ಮಾತನ್ನು ಬೇರೆಯವರ ಬಾಯಿಗೆ ಬಿಡದ್ದು ದೊಡ್ಡದು. ಆದರೆ ಹೆಸರು ನೆನಪಿಸುವ ಕಿಸಾಗೋತಮಿಯ ಕತೆ ನನ್ನನ್ನು ಬೇರೆ ಕಡೆಗೆ ಎಳೆಯುತ್ತದೆ. ಸಾವಿಲ್ಲದ ಮನೆಯ ಸಾಸಿವೆ ತಾ ಅಂದ ಬುದ್ಧ. ಸಾಸಿವೆ ಕೇಳೋಕೆ ಮೊದಲು ಬಾಗಿಲು ತಟ್ಟಬೇಕಲ್ಲ? ನಮ್ಮವಳು ಮೇಲಿನ ಬೀದಿಯ ಎಷ್ಟು ಜಗಲಿ ಹತ್ತಿಯಾಳು?

ಕಪ್ಪು ಕವಯಿತ್ರಿ ಆಡ್ರೆ ಲಾರ್ಡ್ 1978ರಲ್ಲಿ ಒಂದು ಮೊಲೆ ತೆಗೆಸಿಕೊಂಡರು. ಕೃತಕ ಮೊಲೆ ಇಟ್ಟುಕೊಳ್ಳದೆ ವೈದ್ಯರ ಬಳಿ ಹೋದಾಗ, ನೀವು ಹೀಗೆ ಬಂದರೆ ಇಲ್ಲಿನವರ ಧೈರ್ಯ ಕುಂದುತ್ತದೆ ಎಂಬರ್ಥದ ಮಾತನ್ನು ನರ್ಸ್ ಆಡಿದ್ದನ್ನು 1980ರ ‘ದ ಕ್ಯಾನ್ಸರ್ ಜರ್ನಲ್ಸ್’ನಲ್ಲಿ ಬರೆದಿದ್ದಾರೆ. ನೋವು ಅವಳದು, ಸಮಾಧಾನ ಬೇಕಾದದ್ದು ನೋಡುವವರಿಗೆ! ನಮ್ಮ ಗುಲಾಬಿ ಚಿತ್ರಗಳೂ ಇದೇ ಕೆಲಸ ಮಾಡುತ್ತಿವೆ ಅನ್ನಿಸುತ್ತದೆ.

ಇದಕ್ಕೆ ಉತ್ತರ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಚಿಕ್ಕಲ್ಲೂರಿನ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯವಿದೆ. ಕಲ್ಯಾಣಕ್ಕೆ ಬರುವ ಧರೆಗೆ ದೊಡ್ಡವರು ಹೊಳೆಯುವ ಮೈಯಲ್ಲಿ ಬರುವುದಿಲ್ಲ. ಕುಷ್ಠ ಹಿಡಿದು, ನೊಣ ಮುತ್ತಿ, ನಾರುತ್ತಾ ಬರುತ್ತಾರೆ. ಜಂಗಮರು ಮೂಗು ಮುಚ್ಚುತ್ತಾರೆ. ಅಲ್ಲಿ ಪರೀಕ್ಷೆಗೆ ನಿಂತವನು ರೋಗಿಯಲ್ಲ, ಕಲ್ಯಾಣ. ಹಾಗಂತ ಕ್ಯಾನ್ಸರ್ ಆದವಳನ್ನು ದೇವರು ಮಾಡಿ ಕೂರಿಸುವುದೂ ಬೇಡ; ದೇವರಾದವಳಿಗೆ ಬಸ್ ಚಾರ್ಜು ಯಾರೂ ಕೊಡಲ್ಲ.

ನಾಟಕ ಕಟ್ಟುವ ಗೆಳೆಯರಿಗೆ ಒಂದು ಮಾತು. ರಂಗಭೂಮಿ ಸ್ಪಷ್ಟ ಉಚ್ಚಾರ ಕೇಳುತ್ತದೆ. ದವಡೆ ತೆಗೆಸಿಕೊಂಡವಳ ಮಾತು ಹಾಗೆ ಬರುವುದಿಲ್ಲ, ಅರ್ಧ ಗಾಳಿಯಲ್ಲೇ ಹೋಗುತ್ತದೆ. ಅದನ್ನು ತಿದ್ದಿ, ಒಳ್ಳೆಯ ಕಂಠದ ಹುಡುಗಿಗೆ ಕೊಡಬೇಡಿ. ಕೇಳಿಸದವರು ಎದ್ದು ಮುಂದಿನ ಸಾಲಿಗೆ ಬಂದು, ಅವಳ ಹತ್ತಿರ ಕೂರಲಿ.