ಹೈಫಾವನ್ನು ಯಾರು ಯಾರಿಂದ ಬಿಡಿಸಿದರು?

ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಯುದ್ಧಸ್ಮಾರಕವಿದೆ. ಹೆಬ್ಬಾಳ, ಆರ್.ಟಿ. ನಗರದಿಂದ ಕಂಟೋನ್ಮೆಂಟಿನ ಕಡೆ ಹೋಗುವ ಬಸ್ಸುಗಳು ಆ ಸುತ್ತಿನಲ್ಲೇ ಹಾದುಹೋಗುತ್ತವೆ. ಸೆಪ್ಟೆಂಬರ್ 23 ಬಂತೆಂದರೆ ಈ ದಳಕ್ಕೆ ಹೂವು, ಭಾಷಣ, ಪತ್ರಿಕೆಗಳಲ್ಲಿ ಲೇಖನ. ಎಲ್ಲದರಲ್ಲೂ ಒಂದು ಪದ ತಪ್ಪದೆ ಬರುತ್ತದೆ: 'ಹೈಫಾ ವಿಮೋಚನೆ'. ನಾವು ವಿಮರ್ಶೆ ಮಾಡಬೇಕೆಂದಿರುವುದು ಈ ಒಂದೇ ಪದವನ್ನು. ಪದಗಳಿಂದಲೇ ಸಾವಿರಾರು ವರ್ಷ ಏಟು ತಿಂದ ಜನ ನಾವು. ಒಂದು ಪದವನ್ನು ಯಾರು, ಯಾಕೆ ಆಡುತ್ತಿದ್ದಾರೆ ಎಂದು ಕೇಳುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ನಡೆದದ್ದು ಏನು ನೋಡೋಣ. 1914ರಲ್ಲಿ ಯುದ್ಧ ಶುರುವಾದಾಗ ಮೈಸೂರು ಮಹಾರಾಜರು ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟರು, ಕುದುರೆದಳವನ್ನೂ ಕಳಿಸಿದರು. ದುಡ್ಡು ಎಲ್ಲಿಂದ ಬಂತು ಅಂತ ಕಂದಾಯ ಕಟ್ಟಿದವರ ಮೊಮ್ಮಕ್ಕಳಿಗೆ ಹೇಳಬೇಕಿಲ್ಲ. ದಳ ಸೂಯೆಜ್ ಕಾಲುವೆ ಕಾಯಿತು, ಗಾಜಾದ ಕಡೆ ಕಾದಿತು, 1918ರ ಸೆಪ್ಟೆಂಬರ್ 23ರಂದು ಹೈಫಾ ತಲುಪಿತು. ಎದುರಿಗೆ ತುರ್ಕರ ಮೆಷಿನ್‌ಗನ್ನುಗಳು, ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಕಿಶೋನ್ ಹೊಳೆಯ ಕುಸಿಯುವ ಮರಳು. ಜೋಧ್‌ಪುರದವರು ಊರಿನ ದಾರಿಗೆ ನುಗ್ಗಿದರು, ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿತು. ಕೈಯಲ್ಲಿದ್ದದ್ದು ಈಟಿ, ಕತ್ತಿ. ಸಂಜೆಯ ಹೊತ್ತಿಗೆ 1,350 ಮಂದಿ ಸೆರೆ, 17 ಫಿರಂಗಿ ಕೈವಶ. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34, ಸತ್ತ ಕುದುರೆ 60. ಆ ಧೈರ್ಯವನ್ನು ಅಲ್ಲಗಳೆಯುವ ಕೆಲಸ ನಮ್ಮದಲ್ಲ. ದಳದಲ್ಲಿ ಹಿಂದೂಗಳ ಜತೆ ಮುಸಲ್ಮಾನರೂ ಇದ್ದರು. ಎದುರಿಗಿದ್ದದ್ದು ಖಲೀಫನ ಸೈನ್ಯ. ಆ ಸವಾರರ ಎದೆಯೊಳಗೆ ಏನು ನಡೆದಿತ್ತೋ, ಭಾಷಣಕಾರರಿಗೆ ಅದು ಬೇಡದ ವಿಷಯ.

ಸರಿ, ಊರು ಗೆದ್ದರು. ಬಿಡಿಸಿದ್ದು ಯಾರನ್ನು? ಹೈಫಾ ತುರ್ಕರ ಕೈಯಿಂದ ಬ್ರಿಟಿಷರ ಕೈಗೆ ಹೋಯಿತು. ಅಷ್ಟು ಹೊತ್ತಿಗೆ ಬ್ರಿಟಿಷರು ಮಾಡಿಟ್ಟಿದ್ದ ಕೆಲಸ ನೋಡಿ. 1915-16ರಲ್ಲಿ ಮೆಕ್ಕಾದ ಷರೀಫ್ ಹುಸೇನನಿಗೆ ಕಾಗದ ಬರೆದು ಅರಬರಿಗೆ ಸ್ವಾತಂತ್ರ್ಯ ಎಂದರು. 1916ರಲ್ಲಿ ಸೈಕ್ಸ್-ಪಿಕೋ ಒಪ್ಪಂದ ಮಾಡಿ ಅದೇ ಸೀಮೆಯನ್ನು ಫ್ರೆಂಚರ ಜತೆ ಗುಟ್ಟಾಗಿ ಹಂಚಿಕೊಂಡರು. 1917ರ ನವೆಂಬರ್ 2ರಂದು ಬಾಲ್ಫರ್ ಘೋಷಣೆಯಲ್ಲಿ ಪ್ಯಾಲೆಸ್ಟೈನ್‌ನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಎಂದರು. ಒಂದೇ ಹೊಲವನ್ನು ಮೂರು ಜನಕ್ಕೆ ಕ್ರಯ ಮಾಡಿಕೊಟ್ಟ ಹಾಗೆ. ಹೊಲ ಇವರಪ್ಪಂದೂ ಅಲ್ಲ! ನಮ್ಮ ಹಳ್ಳಿಗಳ ಶಾನುಭೋಗರು ಇವರ ಮುಂದೆ ಎಳೆ ಮಕ್ಕಳು. 1922ರಲ್ಲಿ ಬ್ರಿಟಿಷರೇ ಮಾಡಿದ ಜನಗಣತಿಯಲ್ಲಿ ಹೈಫಾದ ಜನಸಂಖ್ಯೆ 24,634. ಮುಸ್ಲಿಮರು 9,377, ಕ್ರೈಸ್ತರು 8,863, ಯಹೂದಿಗಳು 6,230. ಊರು ಹಿಡಿಯುವ ಮೊದಲು ಇಷ್ಟು ಜನರನ್ನು ನಿಮಗೆ ಯಾವ ರಾಜ್ಯ ಬೇಕು ಎಂದು ಬ್ರಿಟಿಷರು ಕೇಳಲಿಲ್ಲ. ಬಿಡಿಸಿದರು ಎನ್ನುವ ಸವಾರರೋ, ಬ್ರಿಟಿಷರ ಆಳಾದ ಒಬ್ಬ ರಾಜನ ಆಳುಗಳು.

ಇದೇ ಬೆಂಗಳೂರಿನ ಉತ್ತರದಲ್ಲಿ ಇನ್ನೊಂದು ಕಲ್ಲಿದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು. ಗಂಗರ ಶ್ರೀಪುರುಷನ ಕಾಲದ್ದು. ಪೆರ್ಬ್ಬೊಳಲ್ ನಾಡಿನ ಮೇಲೆ ರಟ್ಟವಾಡಿಯವರು, ಅಂದರೆ ರಾಷ್ಟ್ರಕೂಟರು, ಬಿದ್ದಾಗ ಕಾದಿ ಸತ್ತವನು ಈ ಕಿತ್ತಯ್ಯ. ಕಲ್ಲು ನೇರವಾಗಿದೆ: ಯಾರು ಏರಿ ಬಂದರು, ಯಾರು ಸತ್ತರು, ಯಾವ ನಾಡಿನಲ್ಲಿ. ವೀರಗಲ್ಲಿಗೂ ಯಜಮಾನರಿದ್ದರು, ಅದೇನೂ ಸಮಾನತೆಯ ಶಾಸನವಲ್ಲ. ಆದರೂ ಅದರ ವ್ಯಾಕರಣದಲ್ಲಿ ಮೋಸವಿಲ್ಲ. ಅದೇ ಮೂರು ಪ್ರಶ್ನೆಗಳನ್ನು ಮುನಿರೆಡ್ಡಿಪಾಳ್ಯದ ಕಲ್ಲಿಗೆ ಕೇಳಿ. ಏರಿ ಹೋದವರು ನಾವು. ನಾಡು ಇನ್ನೊಬ್ಬರದು. ಅದಕ್ಕೇ ಭಾಷಣಕಾರರಿಗೆ 'ವಿಮೋಚನೆ' ಬೇಕಾಗಿದೆ, ಗಾಯದ ಮೇಲೆ ರೇಷ್ಮೆ ಬಟ್ಟೆ ಹೊದಿಸಿದ ಹಾಗೆ.

ಭಾಷಣಗಳಲ್ಲಿ ಬಾರದ ಇನ್ನೊಂದು ಜನವಿದೆ. ಆ ಯುದ್ಧಕ್ಕೆ ಹಿಂದೂಸ್ತಾನದಿಂದ ಹೋದವರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸಿಪಾಯಿಗಳೇ ಅಲ್ಲ, 'ಫಾಲೋವರ್ಸ್'. ಕುದುರೆ ತಿಕ್ಕುವವರು, ಹುಲ್ಲು ಕುಯ್ಯುವವರು, ನೀರು ಹೊರುವವರು, ಚರ್ಮದ ಕೆಲಸದವರು, ಕಕ್ಕಸು ಬಳಿಯುವವರು. ಯಾವ ಕೆಲಸಕ್ಕೆ ಯಾವ ಕೇರಿಯವರು ಎಂಬುದು ಸಮುದ್ರ ದಾಟಿದರೂ ಬದಲಾಗಲಿಲ್ಲ. ಸತ್ತ 60 ಕುದುರೆಗಳ ಲೆಕ್ಕ ಎಲ್ಲರಿಗೂ ಗೊತ್ತು. ಆ ಕುದುರೆಗಳಿಗೆ ಹುಲ್ಲು ಹಾಕಿದವರ ಹೆಸರು ಯಾವ ಭಾಷಣದಲ್ಲೂ ಇಲ್ಲ.

ಇಷ್ಟು ವರ್ಷ ಯಾರಿಗೂ ನೆನಪಾಗದ ಈ ದಳ ಈಗ ಯಾಕೆ ನೆನಪಾಯಿತು? ಇಂಡಿಯಾ 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ಟೈನ್ ವಿಭಜನೆಗೆ ವಿರುದ್ಧವಾಗಿ ಮತ ಹಾಕಿತ್ತು. 1988ರಲ್ಲಿ ಪ್ಯಾಲೆಸ್ಟೈನನ್ನು ರಾಷ್ಟ್ರವೆಂದು ಒಪ್ಪಿತು. 1992ರಲ್ಲಿ ಇಸ್ರೇಲಿನ ಜತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಆಮೇಲೆ ಸ್ನೇಹಕ್ಕೊಂದು ಹಳೆಯ ನೆಂಟಸ್ತಿಕೆ ಬೇಕಾಯಿತು. 2017ರ ಜುಲೈನಲ್ಲಿ ಪ್ರಧಾನಿ ಮೋದಿ ಹೈಫಾದ ಸ್ಮಶಾನದಲ್ಲಿ ಹೂವಿಟ್ಟರು. 2018ರ ಜನವರಿಯಲ್ಲಿ ನೆತನ್ಯಾಹು ಬಂದಾಗ ದಿಲ್ಲಿಯ ತೀನ್ ಮೂರ್ತಿ ಚೌಕಕ್ಕೆ 'ಹೈಫಾ' ಸೇರಿತು. ಆ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. ಬದುಕಿದ್ದಾಗ ಒಂದು ಸಾಮ್ರಾಜ್ಯಕ್ಕೆ ದುಡಿದ, ಸತ್ತ ಮೇಲೂ ಬಿಟ್ಟಿ ಚಾಕರಿ ತಪ್ಪಲಿಲ್ಲ.

'ಬಿಡುಗಡೆ' ಆದ ಊರಿನಲ್ಲಿ ಮುಂದೆ ಏನಾಯಿತು? 1947ರ ಕೊನೆಯಲ್ಲಿ ಹೈಫಾದಲ್ಲಿ 60,000ಕ್ಕೂ ಹೆಚ್ಚು ಅರಬರಿದ್ದರು. 1948ರ ಏಪ್ರಿಲ್ 21-22ರಂದು ಯಹೂದಿ ಪಡೆ ಹಗಾನಾ ಊರನ್ನು ಹಿಡಿಯಿತು. ಕೆಲವೇ ವಾರಗಳಲ್ಲಿ ಉಳಿದವರು ಮೂರು-ನಾಲ್ಕು ಸಾವಿರ. ಬೈರೂತಿನಲ್ಲಿ 1972ರಲ್ಲಿ ಕಾರಿಗೆ ಬಾಂಬಿಟ್ಟು ಕೊಲ್ಲಲ್ಪಟ್ಟ ಪ್ಯಾಲೆಸ್ಟೈನಿನ ಲೇಖಕ ಘಸ್ಸಾನ್ ಕನಫಾನಿ 'ಹೈಫಾಕ್ಕೆ ಮರಳಿ' ಎಂಬ ಅರ್ಥದ ಹೆಸರಿನ ಕಿರುಕಾದಂಬರಿಯನ್ನು ಈ ದಿನಗಳ ಮೇಲೆಯೇ ಬರೆದ. ಆ ಗಲಾಟೆಯಲ್ಲಿ ಹಸುಗೂಸನ್ನು ಮನೆಯಲ್ಲೇ ಕಳಕೊಂಡ ಗಂಡ ಹೆಂಡತಿ 1967ರ ಯುದ್ಧದ ನಂತರ ತಮ್ಮ ಮನೆ ನೋಡಲು ಬರುತ್ತಾರೆ. ಬಾಗಿಲು ತೆಗೆಯುವ ಮಿರಿಯಮ್ ಪೋಲೆಂಡಿನಿಂದ ಬಂದವಳು, ತಂದೆಯನ್ನು ಆಶ್‌ವಿಟ್ಜ್‌ನಲ್ಲಿ ಕಳಕೊಂಡವಳು. ಕನಫಾನಿ ಅವಳನ್ನು ರಾಕ್ಷಸಿ ಮಾಡುವುದಿಲ್ಲ. ಅವಳ ದುಃಖ ನಿಜ, ಅವಳು ಕೂತಿರುವ ಮನೆ ಇನ್ನೊಬ್ಬರದು ಎಂಬುದೂ ನಿಜ. ಎರಡನ್ನೂ ಒಂದೇ ಪಡಸಾಲೆಯಲ್ಲಿ ಕೂರಿಸುತ್ತಾನೆ. ಮನೆಯೊಡೆಯ ಸಯೀದ್ ಮೇಜಿನ ಮೇಲೆ ತಾನು ಬಿಟ್ಟುಹೋದ ನವಿಲುಗರಿಗಳನ್ನು ಎಣಿಸುತ್ತಾನೆ. ಏಳಿದ್ದವು, ಈಗ ಐದಿವೆ. ಇನ್ನೆರಡು ಎಲ್ಲಿ ಎಂದು ಕೇಳುತ್ತಾನೆ. ಬಂಡಾಯ ಸಾಹಿತ್ಯ ಎಂದರೆ ಬರೀ ಘೋಷಣೆ ಎನ್ನುವ ನಮ್ಮ ಪಂಡಿತರು ಈ ಒಂದು ಪುಟ ಓದಲಿ.

ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಉಳಿದಿದೆ. ಮೈಸೂರು ಸಂಸ್ಥಾನದ ಕಡತಗಳು ವಿಧಾನಸೌಧದ ಪತ್ರಾಗಾರದಲ್ಲಿವೆ. ಹುಲ್ಲು ಕುಯ್ಯುವವನ ತಿಂಗಳ ಸಂಬಳ ಎಷ್ಟಿತ್ತು, ಅವನು ಸತ್ತರೆ ಕೇರಿಯ ಮನೆಗೆ ಸುದ್ದಿ ಹೇಗೆ ಮುಟ್ಟುತ್ತಿತ್ತು, ಹೆಂಡತಿಗೆ ಏನು ಸಿಕ್ಕಿತು, ಹುಡುಕಿ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.