ಪರಸ್ಪರೋಲ್ಲೇಖ ವಿಚಾರ

ಗ್ರಂಥದಲ್ಲಿ “ಇದನ್ನು ಅಲ್ಲಿ ನೋಡಿರಿ” ಎಂದು ಬರೆದವನು ವಾಚಕನಿಗೆ ಭಾಷೆ ಕೊಟ್ಟಂತಾಯಿತು. ಆ ಭಾಷೆಯನ್ನು ನಡೆಯಿಸುವ ಭಾರವು ಬರೆದವನಿಗೆ ಮಾತ್ರವಲ್ಲ, ತೋರಿಸಿದ ಸ್ಥಳವನ್ನು ಮುಂದೆ ಕದಲಿಸುವವನಿಗೂ ಉಂಟು. ಈ ಎರಡನೆಯ ಭಾರವನ್ನು ನಮ್ಮ ವಿದ್ವಾಂಸರು ಸಾಕಷ್ಟು ಮನಗಂಡಿಲ್ಲವೆಂಬುದೇ ಇಲ್ಲಿಯ ಪ್ರತಿಪಾದ್ಯವು.

ಬಿ. ಎಲ್. ರೈಸ್‌ರವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವನ್ನು ತೆಗೆದುಕೊಳ್ಳೋಣ. ತುಮಕೂರು, ಗುಬ್ಬಿ, ಕುಣಿಗಲ್ ಮೊದಲಾದ ತಾಲ್ಲೂಕುಗಳ ಶಾಸನಗಳಿಗೆ ಅದರಲ್ಲಿ ತಾಲ್ಲೂಕುವಾರು ಸಂಖ್ಯೆಗಳಿವೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಆಂಗ್ಲಾನುವಾದ ಈ ಮೂರಕ್ಕೂ ಒಂದೇ ಸಂಖ್ಯೆಯಿರುವುದು ಶ್ಲಾಘನೀಯವಾದ ಕ್ರಮವು. ಆದರೆ ಅಲ್ಲಿಯ ಮದ್ದಗಿರಿಯು ಇಂದು ಮಧುಗಿರಿ. ಆಂಗ್ಲದಲ್ಲಿ ‘ಟುಂಕೂರ್’ ಎಂದಿದ್ದುದು 2014ರಿಂದ ‘ತುಮಕೂರು’. 1972ರಿಂದ ಹೊರಬರತೊಡಗಿದ ಪರಿಷ್ಕೃತಾವೃತ್ತಿಯಲ್ಲಾದರೋ ಹೊಸ ಶಾಸನಗಳು ಸೇರಿ ಸಂಖ್ಯೆಗಳೇ ಬೇರೆಯಾದುವು. ಹೀಗೆ ಹೆಸರೂ ಚಲಿಸಿತು, ಎಣಿಕೆಯೂ ಚಲಿಸಿತು.

ಇದರಿಂದ ಎರಡು ದೋಷಗಳು ಹುಟ್ಟುತ್ತವೆ. ತೋರಿಸಿದ ಸ್ಥಳದಲ್ಲಿ ಏನೂ ಇಲ್ಲದಿರುವುದು ಲೋಪ. ಬೇರೊಂದು ಇರುವುದು ಭ್ರಂಶ. ಲೋಪವು ತಾನಾಗಿಯೇ ಕೂಗಿ ಹೇಳುವುದು. ಭ್ರಂಶವು ಮೌನವಾಗಿ ಮೋಸಗೊಳಿಸುವುದು. ಆವೃತ್ತಿಯನ್ನು ಹೇಳದೆ ಸಂಖ್ಯೆಯನ್ನಷ್ಟೇ ಕೊಟ್ಟ ಲೇಖನವನ್ನು ನಂಬಿ ಉಪಾಧ್ಯಾಯರೊಬ್ಬರು ಗ್ರಂಥವನ್ನು ತೆರೆದರೆ, ಒಂದೂರಿನ ದತ್ತಿಯನ್ನು ಮತ್ತೊಂದೂರಿಗೆ ಕಟ್ಟಿ ಶಿಷ್ಯರಿಗೆ ಬೋಧಿಸಿಯಾರು. ಆ ತಪ್ಪು ಶಿಷ್ಯರ ಲೇಖನಗಳಲ್ಲಿ ಮತ್ತೆ ಪ್ರಮಾಣವಾದೀತು.

ನಮ್ಮ ವ್ಯಾಕರಣಶಾಸ್ತ್ರವು ಈ ಸೂಕ್ಷ್ಮವನ್ನು ಬಲ್ಲದು. ಪಾಣಿನಿಯು ಮೊದಲ ಸೂತ್ರದಲ್ಲಿ ವಿಧಿಸಿದ ‘ವೃದ್ಧಿ’ಸಂಜ್ಞೆಯನ್ನು ಎಲ್ಲಿ ಬೇಕಾದರೂ ಹೆಸರಿನಿಂದಲೇ ಕರೆಯಬಹುದು. ಕೊನೆಯ ಮೂರು ಪಾದಗಳ ಅಸಿದ್ಧತ್ವವಾದರೋ ಸೂತ್ರಗಳ ಪೂರ್ವಾಪರಕ್ರಮವನ್ನೇ ಆಶ್ರಯಿಸಿದೆ. ಅಲ್ಲಿ ಒಂದು ಸೂತ್ರವನ್ನು ಸ್ಥಳಾಂತರಿಸಿದರೂ ಪ್ರಕ್ರಿಯೆ ಕೆಡಬಹುದು. ಕ್ರಮಾಶ್ರಿತವಾದ ನಿರ್ದೇಶಕ್ಕಿಂತ ಸಂಜ್ಞಾಶ್ರಿತವಾದುದು ಬಲವತ್ತರವೆಂದು ಇದರಿಂದ ತಿಳಿಯುವುದು.

ಇದೇ ನ್ಯಾಯವನ್ನು ಇಂದಿನ ಯಂತ್ರವಿದ್ಯೆಯಲ್ಲಿಯೂ ಕಾಣುತ್ತೇವೆ. ಉಪಕರಣಗಳೊಳಗೆ ಅಡಗಿ ಕೆಲಸಮಾಡುವ ಲಿನಕ್ಸ್ ತಂತ್ರಾಂಶವನ್ನು ರಚಿಸುವವರಿಗೆ ಯೋಕ್ಟೊ ಎಂಬ ಯೋಜನೆಯ ಕೈಪಿಡಿಗಳಿವೆ. ಇವು 2020ರಲ್ಲಿ ಡಾಕ್‌ಬುಕ್ ಎಂಬ ವ್ಯವಸ್ಥೆಯಿಂದ ಸ್ಫಿಂಕ್ಸ್ ಎಂಬುದಕ್ಕೆ ಬದಲಾದುವು. ಸ್ಫಿಂಕ್ಸ್‌ನಲ್ಲಿ ಪ್ರಕರಣದ ತಲೆಯ ಮೇಲೆ ಸ್ಥಿರವಾದ ಒಂದು ಸಂಜ್ಞೆಯನ್ನಿಟ್ಟು ಅದನ್ನೇ ಇತರ ಕಡೆಗಳಲ್ಲಿ ಉಲ್ಲೇಖಿಸಬಹುದು. ಶೀರ್ಷಿಕೆ ಬದಲಾದರೂ, ಪ್ರಕರಣವು ಬೇರೆ ಕಡತಕ್ಕೆ ಹೋದರೂ ಕೊಂಡಿ ಕಳಚದು; ಸಂಜ್ಞೆಯೇ ಅಳಿದರೆ ಪುಸ್ತಕವನ್ನು ಕಟ್ಟುವಾಗಲೇ ಎಚ್ಚರಿಕೆ ಬರುವುದು. ಲೋಪವು ಹೀಗೆ ವಾಚಕನಿಗಿಂತ ಮೊದಲೇ ಸಂಪಾದಕನ ಕಣ್ಣಿಗೆ ಬೀಳುತ್ತದೆ. ಭ್ರಂಶವನ್ನು ಮಾತ್ರ ಯಂತ್ರವು ಅರಿಯದು. ಸಂಜ್ಞೆಯು ಉಳಿದು ಅದರ ಕೆಳಗಿನ ವಿಷಯವು ಮಾರ್ಪಟ್ಟರೆ ಯಂತ್ರವು ಸುಮ್ಮನಿರುವುದು. ಅರ್ಥಪರೀಕ್ಷೆಯು ಎಂದಿಗೂ ಮನುಷ್ಯನ ಕಾರ್ಯವೇ ಸರಿ.

ಆದುದರಿಂದ ಶಾಸನವನ್ನು ಉಲ್ಲೇಖಿಸುವವರು ಸಂಪುಟ, ಆವೃತ್ತಿ, ತಾಲ್ಲೂಕು, ಸಂಖ್ಯೆಗಳೊಡನೆ ಕಲ್ಲಿರುವ ಊರನ್ನೂ ಬರೆಯತಕ್ಕದ್ದು. ಒಂದು ಗುರುತು ತಪ್ಪಿದರೆ ಮತ್ತೊಂದು ಅದನ್ನು ತೋರಿಸಿಕೊಡುವುದು. ಸಂಖ್ಯೆಯನ್ನು ಬದಲಾಯಿಸುವ ಸಂಪಾದಕರು ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆಯ ಪಟ್ಟಿಯನ್ನು ಕೊಡತಕ್ಕದ್ದು. ಇಲ್ಲವಾದರೆ ಹಿಂದಿನವರು ಕೊಟ್ಟ ಭಾಷೆಯನ್ನು ನಾವೇ ಮುರಿದಂತಾಗುವುದು.