ನಿಪ್ಪಾಣಿಯಲ್ಲಿ ಇಳಿದು ಹತ್ತಿ

ಹೋದ ವಾರ ಕೊಲ್ಹಾಪುರದ ಬಸ್ ಸ್ಟ್ಯಾಂಡಿನ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಹೇಳಬೇಕಾದದ್ದು ನಾಲ್ಕೇ ಮಾತು. ಮುಖ್ಯ ಸ್ಟ್ಯಾಂಡಾದ ಸಿಬಿಎಸ್ ಇರುವುದು ರೈಲು ನಿಲ್ದಾಣದ ಹತ್ತಿರ. ಇಚಲಕರಂಜಿಗೆ ಹೊರಟವರು ‘ವಿನಾಥಾಂಬಾ’ ಫಲಕ ನೋಡಿ ಹತ್ತಿದರೆ ನಡುವೆ ಎಲ್ಲೂ ನಿಲ್ಲದೆ ಮುಟ್ಟುತ್ತಾರೆ. ಜೊತೆಗೆ ‘ವಿನಾವಾಹಕ’ ಎಂದೂ ಬರೆದಿದ್ದರೆ ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ, ಟಿಕೆಟ್ ಕೆಳಗೇ ತೆಗೆಸಬೇಕು. ರಂಕಾಳ, ಸಂಭಾಜಿನಗರದ ಸ್ಟ್ಯಾಂಡುಗಳು ಬೇರೆ. ನಿಮ್ಮ ಬಸ್ಸು ಎಲ್ಲಿಂದ ಬಿಡುತ್ತದೆ ಎಂದು ಕೇಳಿಕೊಂಡೇ ಹೊರಡಿ. ಊರೊಳಗೆ ಓಡಾಡಲು ನಗರ ಸಾರಿಗೆಯ ಕೆಎಂಟಿ ಬಸ್ಸು ಇದೆ. ಇಷ್ಟು ಸಾಕು. ಈ ವಾರ ನನಗೆ ಬರೆಯಬೇಕೆನಿಸಿರುವುದು ಗಡಹಿಂಗ್ಲಜದ ದಾರಿಯ ಬಗ್ಗೆ.

ನಕಾಶೆ ಬಿಡಿಸಿ ನೋಡಿ. ಗಡಹಿಂಗ್ಲಜ ಕೊಲ್ಹಾಪುರ ಜಿಲ್ಲೆಯ ತಾಲ್ಲೂಕು ಊರು. ಆದರೆ ಜಿಲ್ಲಾ ಊರಿನಿಂದ ಅಲ್ಲಿಗೆ ಹೆದ್ದಾರಿ ಹಿಡಿದು ಹೋಗುವ ಎಸ್ಟಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸು, ಕಾಗಲ ದಾಟಿ, ಕೊಗನೊಳ್ಳಿಯಲ್ಲಿ ಕರ್ನಾಟಕ ಹೊಕ್ಕು, ನಿಪ್ಪಾಣಿ ಮುಟ್ಟಿ, ತವಂದಿ ಘಾಟ ಹಾದು, ಸಂಕೇಶ್ವರದಲ್ಲಿ ಪಶ್ಚಿಮಕ್ಕೆ ಹೊರಳಿ ಮತ್ತೆ ಮಹಾರಾಷ್ಟ್ರ ಸೇರುತ್ತದೆ. ಸ್ವಂತ ಜಿಲ್ಲೆಯ ಕಚೇರಿಗೆ ಹೋಗುವ ಗಡಹಿಂಗ್ಲಜದ ರೈತ ಪರರಾಜ್ಯ ದಾಟಿ ಹೋಗಿ, ಪರರಾಜ್ಯ ದಾಟಿ ಮನೆಗೆ ಬರುತ್ತಾನೆ. ರಾಜ್ಯಗಳ ನಡುವಿನ ಗಡಿಯಾಗಿ ಇದು ಬಹಳ ಹಳೆಯದೇನಲ್ಲ. ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಸಂಕೇಶ್ವರ, ಗಡಹಿಂಗ್ಲಜ ಎರಡೂ ಒಂದೇ ರಾಜ್ಯದಲ್ಲಿದ್ದವು. 1956ರ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರಿಗೆ ಬಂತು. ಅದೇ ಜಿಲ್ಲೆಯ ಚಂದಗಡ ತಾಲ್ಲೂಕು ಮಾತ್ರ ಆಚೆ ಉಳಿಯಿತು. ರಸ್ತೆಗಳು ಇದ್ದ ಕಡೆಯೇ ಇದ್ದವು, ಜನರ ಸಂತೆ, ಬೀಗತನಗಳೂ ಹಾಗೆಯೇ ನಡೆದವು.

ಈಗ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ‘ಡೈರೆಕ್ಟ್ ಬಸ್ ಎಷ್ಟಕ್ಕೆ?’ ಎಂದು ಕೇಳುವ ಒಂದು ಪಂಗಡವಿದೆ. ಬೆಳಗಾವಿ ಸ್ಟ್ಯಾಂಡಿನಲ್ಲಿ ಇಚಲಕರಂಜಿಯ ಬೋರ್ಡಿಗಾಗಿ ಎರಡು ತಾಸು ಕಾದು ಕೂರುತ್ತಾರೆ, ಅಷ್ಟರಲ್ಲಿ ನಿಪ್ಪಾಣಿಯ ಬಸ್ಸುಗಳು ಒಂದರ ಹಿಂದೊಂದು ಅವರ ಕಣ್ಣೆದುರೇ ಹೋಗುತ್ತವೆ. ಇಳಿದು ಹತ್ತುವುದು ಅವರಿಗೆ ಕಷ್ಟವೆನಿಸುತ್ತದೆ. ಗಡಿಸೀಮೆಯಲ್ಲಿ ಓಡಾಡುವವರಿಗೆ ಇಳಿದು ಹತ್ತುವುದೇ ಸರಿಯಾದ ಕ್ರಮ ಎಂದು ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಗಡಹಿಂಗ್ಲಜಕ್ಕೆ ಸಂಕೇಶ್ವರದಲ್ಲಿ, ಇಚಲಕರಂಜಿ ಮತ್ತು ಕೊಲ್ಹಾಪುರಕ್ಕೆ ನಿಪ್ಪಾಣಿಯಲ್ಲಿ. ಅಲ್ಲಿ ಕರ್ನಾಟಕದ ನಮ್ಮ ಬಸ್ಸೂ ಸಿಗುತ್ತದೆ, ಎಸ್ಟಿಯೂ ಸಿಗುತ್ತದೆ. ಒಂದು ತಪ್ಪಿದರೆ ಇನ್ನೊಂದು.

ಹೆಣ್ಣುಮಕ್ಕಳಿಗಂತೂ ಲೆಕ್ಕ ಸ್ಪಷ್ಟವಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ನಿಪ್ಪಾಣಿವರೆಗೆ ನಮ್ಮ ಸಾದಾ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಎಸ್ಟಿಯಲ್ಲಿ ಅದೇ ವರ್ಷದ ಮಾರ್ಚ್ 17ರಿಂದ ಹೆಂಗಸರಿಗೆ ಅರ್ಧ ದರ, ಅದು ಮಹಾರಾಷ್ಟ್ರದ ಹದ್ದಿನೊಳಗೆ. ಎಸ್ಟಿಯವರು ದರ ಎಣಿಸುವುದು ಆರು ಕಿಲೋಮೀಟರಿನ ಟಪ್ಪಾ, ಅಂದರೆ ಹಂತದ ಮೇಲೆ. ಗಡಿ ಯಾವ ಟಪ್ಪಾದಲ್ಲಿ ಬೀಳುತ್ತದೆ ಎಂದು ತಿಳಿದಿದ್ದರೆ ಟಿಕೆಟ್ಟಿನ ಮೊತ್ತ ನೋಡಿ ಗಾಬರಿಯಾಗಬೇಕಿಲ್ಲ.

ಇನ್ನೊಂದು ಪಂಗಡ ವಡಾಪ್ ಎಂಬ ಖಾಸಗಿ ಜೀಪಿನವರದು. ಜೀಪು ಬೇಗ ಹೋಗುತ್ತದೆ, ಕೈ ಮಾಡಿದಲ್ಲಿ ನಿಲ್ಲುತ್ತದೆ ಎನ್ನುತ್ತಾರೆ. 2021ರ ಕೊನೆಯಿಂದ 2022ರ ಏಪ್ರಿಲ್‌ವರೆಗೆ ಎಸ್ಟಿ ನೌಕರರು ಮುಷ್ಕರ ಹೂಡಿದಾಗ ಜನರನ್ನು ಊರು ಮುಟ್ಟಿಸಿದ್ದು ವಡಾಪೇ, ಒಪ್ಪುತ್ತೇನೆ. ಆದರೆ ವಡಾಪ್ ಹೊರಡುವುದು ತುಂಬಿದ ಮೇಲೆ. ಎಸ್ಟಿ ಹೊರಡುವುದು ಹೊತ್ತಾದ ಮೇಲೆ. ಮೂರೇ ಜನ ಕೂತಿದ್ದರೂ ಕಂಡಕ್ಟರ್ ಹಗ್ಗ ಜಗ್ಗಿ ಎರಡು ಘಂಟೆ ಹೊಡೆಯುತ್ತಾನೆ. ಹಳ್ಳಿಯಲ್ಲಿ ರಾತ್ರಿ ತಂಗಿ ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸನ್ನು ಯಾವ ಜೀಪಿನವನೂ ಓಡಿಸುವುದಿಲ್ಲ. ಕಾಲೇಜಿನ ಹುಡುಗಿಯರು, ಹಾಲಿನ ಕ್ಯಾನಿನವರು, ಇಚಲಕರಂಜಿಯ ಮಗ್ಗಗಳ ಪಾಳಿಗೆ ಹೋಗುವವರು ಆ ಬಸ್ಸನ್ನೇ ನಂಬಿದವರು.

ಸಂಕೇಶ್ವರ–ಗಡಹಿಂಗ್ಲಜ ನಡುವಿನ ಸಾದಾ ಬಸ್ಸಿನಲ್ಲಿ ಒಮ್ಮೆ ಕೂತು ನೋಡಿ. ಸಣ್ಣ ಪ್ರಯಾಣ, ಕಿಟಕಿಯಾಚೆ ಕಬ್ಬು. ಮೆಣಸಿನಕಾಯಿ ಸುಗ್ಗಿಯಲ್ಲಿ ಸೀಟಿನ ಕೆಳಗೆಲ್ಲ ಚೀಲಗಳು, ಬಸ್ಸಿನ ತುಂಬ ಸೀನು. ಸಂಕೇಶ್ವರದ ಹೆಸರು ಹೊತ್ತ ಜವಾರಿ ಮೆಣಸಿನಕಾಯಿಯ ಸವಾಲು ಗಡಹಿಂಗ್ಲಜದ ಮಾರ್ಕೆಟ್ ಯಾರ್ಡಿನಲ್ಲಿ ನಡೆಯುತ್ತದೆ. ‘ಕಾಕಾ, ಸುಟ್ಟೆ ದ್ಯಾ’ ಎಂದು ಕಂಡಕ್ಟರ್ ಕೈ ಚಾಚುತ್ತಾನೆ. ‘ಚಿಲ್ಲರ್ ಇಲ್ಲೋ ಯಪ್ಪಾ, ಇಳಿಯೂಮುಂದ ಕೊಡು’ ಎಂದು ಹೆಬ್ಬಾಳದ ಮುದುಕ ಕನ್ನಡದಲ್ಲೇ ಹೇಳುತ್ತಾನೆ. ಬಾಕಿಯನ್ನು ಟಿಕೆಟ್ಟಿನ ಬೆನ್ನಿಗೆ ಗೀಚಿಕೊಟ್ಟು ಕಂಡಕ್ಟರ್ ಮುಂದಿನ ಸೀಟಿಗೆ ಹೋಗುತ್ತಾನೆ. ಗಡಹಿಂಗ್ಲಜ ತಾಲ್ಲೂಕಿನ ಮೂಡಣ ಮಗ್ಗುಲಿನ ಊರುಗಳಾದ ನೂಲ, ಹಲಕರ್ಣಿ, ಬಸರಗೆ ಕಡೆಯವರಿಗೆ ಎರಡೂ ಮಾತು ಬರುತ್ತದೆ. ಎದುರಿಗಿರುವವರ ಮುಖ ನೋಡಿ ಮಾತು ಬದಲಿಸುತ್ತಾರೆ.

ಈ ಜನರೇ ಪ್ರತಿ ಸಲ ಪೆಟ್ಟು ತಿನ್ನುವುದು ನನಗೆ ಸಂಕಟದ ಸಂಗತಿ. 2022ರ ಡಿಸೆಂಬರಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಗಡಿ, ಭಾಷೆಯ ಗಲಾಟೆ ಎದ್ದು ಎರಡೂ ಕಡೆಯ ಬಸ್ಸುಗಳ ಓಡಾಟ ನಿಂತಿತು. ಬಸ್ಸಿಗೆ ಮಸಿ ಬಳಿದವರು ಬಸ್ಸಿನಲ್ಲಿ ಓಡಾಡುವವರನ್ನು ನೆನೆಯಲಿಲ್ಲ. ಹೆದ್ದಾರಿ ಬಿಟ್ಟರೆ ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಉಳಿಯುವುದು ಮುರಗೂಡ, ಉತ್ತೂರ ಕಡೆಯ ದಾರಿ. ಮಳೆಗಾಲದಲ್ಲಿ ನದಿಯೂ ಹೀಗೆಯೇ ಮಾಡುತ್ತದೆ. 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಯಮಗರ್ಣಿ ಹತ್ತಿರ ವೇದಗಂಗೆ ಹೆದ್ದಾರಿಗೇ ನುಗ್ಗಿ ನಿಪ್ಪಾಣಿಯ ಬಡಗಣ ದಾರಿ ಮುಚ್ಚಿತ್ತು. ನೀರು ಇಳಿಯುವವರೆಗೆ ಕಾಯುವುದು ಅನಿವಾರ್ಯ. ಜಗಳಕ್ಕಾಗಿ ಬಸ್ಸು ನಿಲ್ಲಿಸುವುದು ಅನಿವಾರ್ಯವಲ್ಲ. ಗಡಿಯವರೆಗಾದರೂ ಎರಡೂ ಕಡೆಯ ಬಸ್ಸು ಬರಲಿ, ನಡುವಿನ ಒಂದು ಹರದಾರಿ ಜನ ನಡೆದು ಹೋಗುತ್ತಾರೆ.

ಎರಡೂ ಸಾರಿಗೆ ಸಂಸ್ಥೆಗಳಿಗೆ ನನ್ನ ಬೇಡಿಕೆ ಸಣ್ಣದು. ನಿಪ್ಪಾಣಿ, ಸಂಕೇಶ್ವರದ ಸ್ಟ್ಯಾಂಡುಗಳಲ್ಲಿ ಎಸ್ಟಿಯ ವೇಳೆಯನ್ನು, ಗಡಹಿಂಗ್ಲಜ, ಇಚಲಕರಂಜಿಯಲ್ಲಿ ನಮ್ಮ ಬಸ್ಸುಗಳ ವೇಳೆಯನ್ನು ಕನ್ನಡ, ಮರಾಠಿ ಎರಡರಲ್ಲೂ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಕಾಗದ ಅಂಟಿಸಬೇಡಿ, ಮಳೆಗೆ ಉಳಿಯುವುದಿಲ್ಲ. ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ದೂರದಿಂದ ಕಾಣುವಷ್ಟು ದೊಡ್ಡ ಅಂಕಿಯಲ್ಲಿ ಬರೆಸಿ.